ಎಕ್ಸ್‌ಟೆಂಡರ್ ಇಟ್ಟರೂ ವೈಫೈ ಏಕಿಲ್ಲ?

ಪ್ರಶ್ನೆ: ಅಮ್ಮತ್ತಿಯಲ್ಲಿ ನಮ್ಮದು ಹಳೆಯ ತೋಟದ ಮನೆ. ರೌಟರ್ ಜಗಲಿಯಲ್ಲಿದೆ. ವೈಫೈ ಬಾರದ ಹಿಂದಿನ ಕೋಣೆಯಲ್ಲಿ ಎಕ್ಸ್‌ಟೆಂಡರ್ ಇಟ್ಟರೂ ಪ್ರಯೋಜನವಾಗಲಿಲ್ಲ. ಏಕೆ?

ಉತ್ತರ: ಇಟ್ಟ ಜಾಗವೇ ತಪ್ಪು. ಎಕ್ಸ್‌ಟೆಂಡರ್ ತಾನಾಗಿ ಇಂಟರ್ನೆಟ್ ಹುಟ್ಟಿಸುವುದಿಲ್ಲ. ಕೇಳಿಸಿಕೊಂಡದ್ದನ್ನು ಮತ್ತೆ ಕೂಗಿ ಹೇಳುತ್ತದೆ, ಅಷ್ಟೇ. ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಅದಕ್ಕೆ ಕೇಳಿಸುವುದಾದರೂ ಏನು? ರೌಟರಿಗೂ ಕೋಣೆಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ ಸಿಕ್ಕಿಸಿ. ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ಅಲೆಗಿಂತ 2.4 ಗಿಗಾಹರ್ಟ್ಸ್ ಚೆನ್ನಾಗಿ ದಾಟುತ್ತದೆ. ಒಂದೇ ಬ್ಯಾಂಡಿನ ಅಗ್ಗದ ಎಕ್ಸ್‌ಟೆಂಡರಿನಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ: ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಿ, ಸರದಿಯ ಮೇಲೆ.

ಕಾಫಿ ಕಣದಾಚೆ ಕಾರ್ಮಿಕರು ಇರುವ ಲೈನ್ ಮನೆಗೂ ವೈಫೈ ಬೇಕೆಂದರೆ ಎಕ್ಸ್‌ಟೆಂಡರಿನ ಆಸೆ ಬಿಡಿ. ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ ಇಡಿ. ಸಿಡಿಲಿನ ಕಾಲಕ್ಕೆ ತಾಮ್ರದ ಕೇಬಲ್‌ಗಿಂತ ಫೈಬರ್ ಕ್ಷೇಮ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.