ಸುಣ್ಣದ ಹರಳು, ಮೈಲುತುತ್ತ ಮತ್ತು ಕಬ್ಬಿಣದ ಚೂರಿ

ಸಂಯೋಗ, ವಿಘಟನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ. ಸೊಲ್ಲಾಪುರ–ಅಕ್ಕಲಕೋಟ ರಸ್ತೆಯ ವಳಸಂಗದ ಆಸುಪಾಸಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುವ ಮಕ್ಕಳಿಗೆ ಈ ನಾಲ್ಕು ಹೆಸರುಗಳು ಬಾಯಿಪಾಠವಾಗಿರುತ್ತವೆ. ಆದರೆ ಪರೀಕ್ಷೆಯಲ್ಲಿ ಸಮೀಕರಣವೊಂದನ್ನು ಕೊಟ್ಟು ‘ಕ್ರಿಯೆಯ ವಿಧವನ್ನು ಗುರುತಿಸಿ, ಕಾರಣ ಬರೆಯಿರಿ’ ಎಂದರೆ ಹೆಸರು ಮಾತ್ರ ಸಾಲದು. ಮುಂದೆ ವಿಜ್ಞಾನ ಶಾಖೆ ಸೇರಿದವರಿಗೆ ಪಾಠವು ಇಂಗ್ಲಿಷಿಗೆ ತಿರುಗುತ್ತದೆ, ಹೆಸರುಗಳೆಲ್ಲ ಬದಲಾಗುತ್ತವೆ. ಜೊತೆಗೆ ಬರುವುದು ತಿಳಿವಳಿಕೆಯೊಂದೇ.

ಆ ತಿಳಿವಳಿಕೆಗೆ ಬೇಕಾದ ಉದಾಹರಣೆಗಳು ಊರಿನಲ್ಲಿಯೇ ಇವೆ. ಮೊದಲನೆಯದು ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಾಗ 100 ಗ್ರಾಂ ಕಲ್ಲಿನಿಂದ 56 ಗ್ರಾಂ ಸುಟ್ಟ ಸುಣ್ಣ ಉಳಿದು, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಒಂದು ಪದಾರ್ಥ ಎರಡಾಯಿತು, ಇದು ವಿಘಟನೆ. ಆ 56 ಗ್ರಾಂ ಸುಣ್ಣದ ಹರಳು 18 ಗ್ರಾಂ ನೀರಿನೊಡನೆ ಕೂಡಿದರೆ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಎರಡು ಒಂದಾಯಿತು; ಇದು ಸಂಯೋಗ. ಆಗ ನೀರು ಕುದಿಯುವಷ್ಟು ಶಾಖ ಹೊಮ್ಮುವುದರಿಂದ ಇದೇ ಕ್ರಿಯೆ ಬಹಿರುಷ್ಣಕವೂ ಹೌದು. ಒಂದು ಕ್ರಿಯೆಗೆ ಎರಡು ಹೆಸರು ಬಂದರೆ ಮಕ್ಕಳು ಗಾಬರಿಯಾಗಬೇಕಿಲ್ಲ: ಒಂದು ಹೆಸರು ಪದಾರ್ಥಗಳ ಜೋಡಣೆಯನ್ನು ಹೇಳಿದರೆ, ಇನ್ನೊಂದು ಶಾಖದ ಲೆಕ್ಕವನ್ನು ಹೇಳುತ್ತದೆ. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಬೇಕು. ಸಿಡಿದ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಎರಡನೆಯ ಉದಾಹರಣೆ ದಾಳಿಂಬೆ ಮತ್ತು ದ್ರಾಕ್ಷಿಯ ತೋಟದಲ್ಲಿದೆ. ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ದೆ ಪ್ರಚುರಪಡಿಸಿದರು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತವೆಂದರೆ ಮರಾಠಿಯಲ್ಲಿ ಮೋರಚೂದ, ಪಾಠದಲ್ಲಿ ತಾಮ್ರದ ಸಲ್ಫೇಟ್. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಕೂಡಿಸಿದಾಗ ತಾಮ್ರ ಮತ್ತು ಕ್ಯಾಲ್ಸಿಯಂ ತಮ್ಮ ಜೊತೆಗಾರರನ್ನು ಬದಲಿಸಿಕೊಳ್ಳುತ್ತವೆ. ಸರಳವಾಗಿ ಹೇಳುವುದಾದರೆ, ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಉಂಟಾಗಿ ಆಕಾಶನೀಲಿಯ ಗಸಿ ಕಾಣುತ್ತದೆ. ಇದು ದ್ವಿಸ್ಥಾನಪಲ್ಲಟ.

ದ್ರಾವಣ ಸಿದ್ಧವಾದ ಮೇಲೆ ಅನುಭವಿ ರೈತರು ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಕ್ಷಣಕಾಲ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಹಾಕುತ್ತಾರೆ. ಇಲ್ಲವಾದರೆ ಎಲೆ ಸುಡುತ್ತದೆ. ಪಾಠದ ಭಾಷೆಯಲ್ಲಿ, ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ದ್ರಾವಣದಲ್ಲಿ ಉಳಿದ ತಾಮ್ರವನ್ನು ಹೊರಗಟ್ಟಿ ಅದರ ಜಾಗದಲ್ಲಿ ತಾನು ಸೇರುತ್ತದೆ: ಇದೇ ಸ್ಥಾನಪಲ್ಲಟ. ಈ ದ್ರಾವಣವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕಲಸಬಾರದೆಂಬುದಕ್ಕೂ ಇದೇ ಕಾರಣ. ಮಗು ಒಂದು ಅಂಕಕ್ಕಾಗಿ ಬರೆಯುವ ಉತ್ತರವೇ ತಂದೆಯ ಒಂದು ಹಂಗಾಮಿನ ಬೆಳೆಯನ್ನು ಕಾಯುತ್ತದೆ.

ಆದುದರಿಂದ ಮನೆಯವರು ಮಕ್ಕಳಿಗೆ ಕಲಿಸಬೇಕಾದ ಕ್ರಮ ಇಷ್ಟೆ: ಮೊದಲು ಎಷ್ಟು ಪದಾರ್ಥಗಳು ಸೇರಿದವು, ಎಷ್ಟು ಹೊರಬಂದವು ಎಂದು ಎಣಿಸುವುದು; ಬಳಿಕ ಯಾವುದು ಯಾರ ಜಾಗ ಹಿಡಿಯಿತೆಂದು ನೋಡುವುದು; ಕೊನೆಗೆ ಹೆಸರಿಡುವುದು.

ಎಣಿಕೆಯೊಂದೇ ಸಾಲದೆಂಬುದಕ್ಕೆ ಗೋಡೆಗೆ ಬಳಿದ ಸುಣ್ಣವೇ ಸಾಕ್ಷಿ. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗಿ, ನೀರನ್ನು ಬಿಡುತ್ತದೆ. ಸೇರಿದ್ದು ಎರಡು, ಬಂದದ್ದು ಎರಡು. ಆದರೂ ಅದು ದ್ವಿಸ್ಥಾನಪಲ್ಲಟವಲ್ಲ. ಅಲೋಹದ ಆಕ್ಸೈಡು ಪ್ರತ್ಯಾಮ್ಲದೊಡನೆ ಕೂಡಿ ಲವಣ ಮತ್ತು ನೀರನ್ನು ಕೊಡುವ, ತಟಸ್ಥೀಕರಣವನ್ನು ಹೋಲುವ ಕ್ರಿಯೆ. ನಾಲ್ಕು ಹೆಸರುಗಳಲ್ಲಿ ಎಲ್ಲವೂ ಅಡಗುವುದಿಲ್ಲವೆಂದು ತಿಳಿದ ಮಗು ಆ ನಾಲ್ಕನ್ನು ಚೆನ್ನಾಗಿ ಕಲಿತಿದೆಯೆಂದೇ ಅರ್ಥ.