ಬದನೆಕಾಯಿ ಬಿಟ್ಟರೆ ಮಂಡಿನೋವು ಹೋಗುತ್ತದೆಯೇ?

ಪ್ರಶ್ನೆ: ಬದನೆಕಾಯಿ, ಟೊಮೆಟೊ, ಆಲೂಗಡ್ಡೆ ತಿಂದರೆ ಮಂಡಿನೋವು ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಈ ಮಾತಿಗೆ ಗಟ್ಟಿ ಆಧಾರವಿಲ್ಲ. ಇವುಗಳಲ್ಲಿರುವ ಸೋಲನೈನ್‌ನಂಥ ಅಂಶಗಳ ಮೇಲೆ ಆರೋಪವಿದೆ. ಆದರೆ ಅವು ಹೆಚ್ಚಾಗಿರುವುದು ಎಲೆ, ಮೊಳಕೆ, ಹಸಿರುಗಟ್ಟಿದ ಆಲೂಗಡ್ಡೆಯ ಸಿಪ್ಪೆಯಲ್ಲಿ. ನಾವು ತಿನ್ನುವ ಪಲ್ಯದಲ್ಲಿ ಅತ್ಯಲ್ಪ. ಮಂಡಿ ಸವೆತಕ್ಕೂ ಊಟಕ್ಕೂ ಇರುವ ಮುಖ್ಯ ನಂಟು ಮೈತೂಕದ್ದು. ದಪ್ಪ ಇರುವವರು 1 ಕಿಲೊ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೊ ಇಳಿಯುತ್ತದೆಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಲೆಕ್ಕಹಾಕಿತು. ಹಾಗಾಗಿ ಬದನೆಕಾಯಿಯನ್ನೇ ಬಿಡುವ ಬದಲು ಎಣ್ಣೆಗಾಯಿಗೆ ಸುರಿಯುವ ಎಣ್ಣೆ, ಎರಡನೇ ಸಲದ ಅನ್ನ, ಸಂಜೆಯ ಬೋಂಡ ಕಡಿಮೆ ಮಾಡುವುದು ಲೇಸು.

‘ಬಿಟ್ಟ ಮೇಲೆ ನನಗೆ ನೋವು ಇಳಿಯಿತಲ್ಲ’ ಎನ್ನುವವರಿದ್ದಾರೆ. ಕೀಲುನೋವು ತಾನಾಗಿಯೂ ಏರಿಳಿಯುತ್ತದೆ. ಕೆಲವು ವಾರ ಬಿಟ್ಟು, ಮತ್ತೆ ತಿಂದು ನೋಡಿ; ಪ್ರತಿ ಸಲವೂ ನೋವು ಮರಳಿದರೆ ಮಾತ್ರ ಬಿಡಿ. ಇನ್ನು ಸವೆತದ ನೋವಲ್ಲದೆ, ಕೀಲುಗಳ ಉರಿಯೂತವಾದ ರುಮಟಾಯ್ಡ್ ಸಂಧಿವಾತವಿದ್ದವರಿಗೆ ಮೀನೆಣ್ಣೆಯ ಒಮೆಗಾ-3 ತುಸು ನೆರವಾಗುತ್ತದೆ. ಬೂತಾಯಿ, ಬಂಗುಡೆಯಲ್ಲಿ ಅದು ಧಾರಾಳ. ಅಗಸೆ ಚಟ್ನಿಪುಡಿ ಒಳ್ಳೆಯದೇ, ಆದರೆ ಮೀನಿಗೆ ಸಾಟಿಯಲ್ಲ. ಇವೆಲ್ಲ ಔಷಧಕ್ಕೆ ಪೂರಕವಷ್ಟೇ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.