ಹೆಸರಿಲ್ಲದ ಕೋವಿಯ ಕುಲಶೋಧನೆ

ಮೂರು ನಳಿಗೆಗಳುಳ್ಳ ಒಂದು ಹಳೆಯ ಜರ್ಮನ್ ಬೇಟೆಕೋವಿಯನ್ನು ಕಲ್ಪಿಸಿಕೊಳ್ಳೋಣ. ಮೇಲ್ಗಡೆ ಅಕ್ಕಪಕ್ಕದಲ್ಲಿ ಛರೆ ಹಾರಿಸುವ ಎರಡು ನಳಿಗೆಗಳು. ಅವುಗಳ ಕೆಳಗೆ, ಒಳಮೈಯಲ್ಲಿ ಸುರುಳಿಗೆರೆಗಳುಳ್ಳ, ಒಂಟಿ ಗುಂಡಿನ ರೈಫಲ್ ನಳಿಗೆ. ಎದುರಿಗೆ ಹಕ್ಕಿ ಬರಲಿ, ಜಿಂಕೆ ಬರಲಿ, ಬೇಟೆಗಾರನು ಆಯುಧವನ್ನು ಬದಲಾಯಿಸಬೇಕಾಗಿಲ್ಲ. ಜರ್ಮನರು ಇದನ್ನು ‘ಡ್ರಿಲ್ಲಿಂಗ್’ ಎನ್ನುತ್ತಾರೆ. ರಂಧ್ರ ಕೊರೆಯುವ ಡ್ರಿಲ್ಲಿಗೂ ಈ ಶಬ್ದಕ್ಕೂ ನಂಟಿಲ್ಲ. ಅವರ ಭಾಷೆಯಲ್ಲಿ ಅದಕ್ಕೆ ‘ತ್ರಿವಳಿ’ ಎಂದರ್ಥ. ಇಂಥ ಕೋವಿಗಳಲ್ಲಿ ಎಷ್ಟೋ ಕೋವಿಗಳ ಮೇಲೆ ತಯಾರಕನ ಹೆಸರೇ ಇರುವುದಿಲ್ಲ.

ಹೆಸರೇಕಿಲ್ಲ? ಥುರಿಂಗಿಯ ಪ್ರಾಂತದ ಸೂಲ್ ಮತ್ತು ತ್ಸೆಲ್ಲಾ-ಮೆಹ್ಲಿಸ್ ಪಟ್ಟಣಗಳಲ್ಲಿ ಕೋವಿಯ ಕೆಲಸವು ಹಲವು ಮನೆಗಳಲ್ಲಿ ಹಂಚಿಹೋಗಿತ್ತು. ನಳಿಗೆಯನ್ನು ಕೊರೆಯುವವನು ಒಬ್ಬ, ಕೀಲುಕಟ್ಟು ಮಾಡುವವನು ಇನ್ನೊಬ್ಬ; ಮರದ ಹಿಡಿ ಕೆತ್ತುವವನು, ಚಿತ್ತಾರ ಬಿಡಿಸುವವನು ಬೇರೆ. ಸಿದ್ಧವಾದ ಕೋವಿಯು ದೂರದ ಊರಿನ ವ್ಯಾಪಾರಿಗೆ ಹೋಗುತ್ತಿತ್ತು. ಅವನಿಗೆ ಬೇಕೆನಿಸಿದರೆ ತನ್ನ ಹೆಸರನ್ನು ಕೆತ್ತಿಸುತ್ತಿದ್ದ, ಇಲ್ಲವಾದರೆ ಬರಿದಾಗಿಯೇ ಮಾರುತ್ತಿದ್ದ. ಆದುದರಿಂದ ಹೆಸರು ಇದ್ದರೂ ಅದು ಅನೇಕ ವೇಳೆ ಮಾರಿದವನದು, ಮಾಡಿದವನದಲ್ಲ. ‘ಕ್ರುಪ್’ ಎಂಬ ಕೆತ್ತನೆಯನ್ನು ಕಂಡು, ಎಸ್ಸೆನ್ನಿನ ಆ ಹೆಸರಾಂತ ಕಾರ್ಖಾನೆಯೇ ಇದನ್ನು ಮಾಡಿತೆಂದು ಹಿಗ್ಗುವವರುಂಟು. ಅದು ನಳಿಗೆಯ ಉಕ್ಕು ಎಲ್ಲಿಯದೆಂಬುದನ್ನು ಮಾತ್ರ ಹೇಳುತ್ತದೆ.

ನಿಜವಾದ ಸಾಕ್ಷ್ಯವಿರುವುದು ನಳಿಗೆಗಳನ್ನು ಕಳಚಿದಾಗ ಕಾಣುವ ತಳಭಾಗದಲ್ಲಿ. 1891ರಲ್ಲಿ ಅಂಗೀಕಾರವಾಗಿ 1893ರಲ್ಲಿ ಜಾರಿಗೆ ಬಂದ ಜರ್ಮನ್ ಶಾಸನದಂತೆ, ಪ್ರತಿಯೊಂದು ಕೋವಿಯನ್ನೂ ಸರಕಾರಿ ಪರೀಕ್ಷಾಗೃಹದಲ್ಲಿ ವಾಡಿಕೆಗಿಂತ ಪ್ರಬಲವಾದ ಮದ್ದಿನಿಂದ ಹಾರಿಸಿ ನೋಡಿ ಮುದ್ರೆಯೊತ್ತಬೇಕಾಗಿತ್ತು. ಕಿರೀಟದ ಕೆಳಗೆ ‘ಎಸ್’ ಇದ್ದರೆ ಛರೆಯ ನಳಿಗೆ, ‘ಜಿ’ ಇದ್ದರೆ ಸುರುಳಿಗೆರೆಯ ನಳಿಗೆ, ‘ಡಬ್ಲ್ಯು’ ಇದ್ದರೆ ಬಾಯಿಯ ಬಳಿ ಕಿರಿದಾಗುವ ನಳಿಗೆ. ‘ಯು’ ಎಂಬುದು ಪರೀಕ್ಷೆಯ ತರುವಾಯದ ತಪಾಸಣೆಯ ಗುರುತು. ‘ಎನ್’ ಇದ್ದರೆ ಹೊಗೆರಹಿತ ನೈಟ್ರೋ ಮದ್ದಿಗೂ ಪರೀಕ್ಷೆ ನಡೆದಿದೆ. 1918ರಲ್ಲಿ ಚಕ್ರವರ್ತಿ ಸಿಂಹಾಸನವನ್ನು ಬಿಟ್ಟರೂ ಮುದ್ರೆಯ ಕಿರೀಟ ಮಾತ್ರ ಕದಲಲಿಲ್ಲ! 1939ರ ಹೊಸ ಶಾಸನ ಬಂದ ಮೇಲಷ್ಟೇ ಅದರ ಸ್ಥಾನಕ್ಕೆ ಹದ್ದು ಬಂದಿತು. ಎರಡು ಯುದ್ಧಗಳ ನಡುವಿನ ಕೋವಿಗಳಲ್ಲಿ ‘3.28’ ಎಂಬಂಥ ಅಂಕಿಯೂ ದೊರೆಯಬಹುದು. ಅದು 1928ರ ಮಾರ್ಚ್ ತಿಂಗಳ ಪರೀಕ್ಷೆ.

ಹಳೆಯ ರೈಫಲ್ ನಳಿಗೆಯ ಮೇಲಿನ ‘118.35’ ಎಂಬ ಅಂಕಿಯನ್ನು ಕಂಡು ಹಲವರು ಅದನ್ನು ಕೋವಿಯ ಕ್ರಮಸಂಖ್ಯೆಯೆಂದು ಭ್ರಮಿಸುತ್ತಾರೆ. ಒಂದು ಪೌಂಡ್, ಎಂದರೆ 453.6 ಗ್ರಾಂ ಸೀಸದಿಂದ ನಳಿಗೆಯೊಳಗೆ ಸರಿಯಾಗಿ ಹಿಡಿಸುವಂಥ ಎಷ್ಟು ಗೋಲಗಳನ್ನು ಮಾಡಬಹುದೆಂಬ ಲೆಕ್ಕ ಅದು. ಒಂದು ಗೋಲದ ತೂಕ 3.83 ಗ್ರಾಂ, ಸೀಸದ ಸಾಂದ್ರತೆ 11.34. ಭಾಗಿಸಿ ಘನಫಲವನ್ನು ತೆಗೆದು, ಅದರಿಂದ ವ್ಯಾಸವನ್ನು ಕಂಡುಹಿಡಿದರೆ ಸುಮಾರು 8.6 ಮಿ.ಮೀ. ಬರುತ್ತದೆ. ಪ್ರೌಢಶಾಲೆಯ ಗಣಿತವೇ ಸಾಕು.

ಇಷ್ಟರಿಂದ ಕಾಲವೂ ಅಳತೆಯೂ ತಿಳಿದುವು. ತಯಾರಕನನ್ನು ಹುಡುಕಲು ಇನ್ನೂ ಸೂಕ್ಷ್ಮವಾದ ಗುರುತುಗಳಿವೆ. ನಳಿಗೆಯ ತಳದಲ್ಲಿರುವ ಎರಡು ಮೂರು ಪುಟ್ಟ ಅಕ್ಷರಗಳು ಸಾಮಾನ್ಯವಾಗಿ ನಳಿಗೆಗಾರನವು. ‘ಡಿ.ಆರ್.ಪಿ.’ ಎಂದಿದ್ದರೆ ಸಾಮ್ರಾಜ್ಯದ ಪೇಟೆಂಟು. ಸಂಖ್ಯೆಯಿಂದ ಶೋಧಕನು ಸಿಕ್ಕುತ್ತಾನೆ, ಆದರೆ ಅವನ ಪೇಟೆಂಟನ್ನು ಅನ್ಯರೂ ಹಣ ತೆತ್ತು ಬಳಸಿರಬಹುದು. ‘ಡಿ.ಆರ್.ಜಿ.ಎಂ.’ ಇದ್ದರೆ ಕೋವಿಯು 1891ಕ್ಕಿಂತ ಹಿಂದಿನದಲ್ಲ. ಕಡೆಗೆ ಕೀಲಿನ ಆಕಾರ, ಬೀಗದ ರಚನೆ, ಚಿತ್ತಾರದ ಶೈಲಿಗಳನ್ನು ಹೆಸರುಳ್ಳ ಕೋವಿಗಳೊಡನೆ ಹೋಲಿಸಬೇಕು. ಆಗಲೂ ಬಹುಪಾಲು ದೊರೆಯುವ ಉತ್ತರ ‘ಸೂಲ್, ಸುಮಾರು 1905’ ಎಂಬಷ್ಟೇ. ಇದನ್ನು ಸೋಲೆನ್ನಲಾಗದು. ಹತ್ತು ಕೈಗಳು ಮಾಡಿದ ವಸ್ತುವಿಗೆ ಒಂದೇ ಹೆಸರನ್ನು, ಅದೂ ಬೆಲೆಯೇರಿಸುವ ಹೆಸರನ್ನು, ಅಂಟಿಸುವುದು ಕೇವಲ ವ್ಯಾಪಾರ.

ಹೆಸರಿನಲ್ಲಿ ತಪ್ಪಿದರೆ ಹಣ ಹೋದೀತು. ತೋಟಾದಲ್ಲಿ ತಪ್ಪಿದರೆ ಕಣ್ಣು ಹೋದೀತು. ‘8 ಮಿ.ಮೀ.’ ಎನ್ನುವ ತೋಟಾಗಳಲ್ಲೇ ಗುಂಡಿನ ವ್ಯಾಸ ಸುಮಾರು 8.1 ಇರುವ ಹಳೆಯ ಬಗೆಯೂ 8.2 ಇರುವ ಈಚಿನ ಬಗೆಯೂ ಉಂಟು. ಹಳೆಯ ನಳಿಗೆಯಲ್ಲಿ ಈಚಿನ ಗುಂಡು ಬಿಗಿಯಾಗಿ ಒತ್ತಡ ಏರುತ್ತದೆ. ಆದಕಾರಣ ಪರಿಣತರು ತೋಟಾ ಕೂರುವ ಕೋಣೆಯ ಅಚ್ಚನ್ನು ತೆಗೆಯುತ್ತಾರೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂಗಳ ಒಂದು ಮಿಶ್ರಲೋಹವು ಕುದಿನೀರಿಗಿಂತ ಕಡಿಮೆ ಶಾಖದಲ್ಲೇ ಕರಗುತ್ತದೆ. ಕೋಣೆಯಲ್ಲಿ ಹೊಯ್ದರೆ ಅದು ಗಟ್ಟಿಯಾಗುತ್ತ ಮೊದಲು ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ; ಅನಂತರ ಹಿಗ್ಗಿ, ಸುಮಾರು ಒಂದು ಗಂಟೆಯ ಬಳಿಕ ಕೋಣೆಯ ನಿಜವಾದ ಅಳತೆಗೆ ಬರುತ್ತದೆ. ಛರೆಯ ನಳಿಗೆಗಳಲ್ಲೂ ಈ ಅಳತೆ ಅವಶ್ಯ. ಹಳೆಯ 16ರ ಕೋವಿಗಳ ಕೋಣೆ ಸಾಮಾನ್ಯವಾಗಿ 65 ಮಿ.ಮೀ. ಉದ್ದ, ಇಂದಿನ ತೋಟಾ 70 ಮಿ.ಮೀ. ಮಡಿಸಿದ ಬಾಯಿಯಿಂದಾಗಿ ಅದು ಗಿಡ್ಡವಾಗಿ ಕಂಡು ಒಳಗೆ ಸಲೀಸಾಗಿ ಕೂರುತ್ತದೆ. ಹಾರಿಸಿದ ಕ್ಷಣದಲ್ಲಿ ಮಡಿಕೆ ಬಿಚ್ಚಿಕೊಂಡು ನಳಿಗೆಯ ದಾರಿಗೇ ಅಡ್ಡ ಬರುತ್ತದೆ.